ಸಿಲೆಬಸ್‌ನಲ್ಲಿಲ್ಲದ ವೃತ್ತಿಪಾಠ

ಕಲಬುರಗಿಯಲ್ಲಿ ಎಂ.ಎ., ಎಂ.ಎಸ್ಸಿ., ಪಿಎಚ್‌.ಡಿ. ಮಾಡುವವರಿಗೆ ಇಂದು ಜಾಗದ ಬರವಿಲ್ಲ. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದದ್ದು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಗಿ ಜ್ಞಾನಗಂಗಾ ಆವರಣದಲ್ಲಿ ಬೆಳೆಯಿತು. 2009ರಲ್ಲಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯಲ್ಲಿದೆ. 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯ, ಮರುವರ್ಷ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ ಬಂದವು. ಸಂವಿಧಾನದ 371(ಜೆ) ಕಲಂ ಜಾರಿಯಾದ ಮೇಲೆ ಸೀಟುಗಳಲ್ಲೂ ನೌಕರಿಯಲ್ಲೂ ಈ ಭಾಗದ ಮಕ್ಕಳಿಗೆ ಪಾಲು ಸಿಕ್ಕಿತು. ಅದೇ 2017ರಲ್ಲಿ ಬೀದರ–ಕಲಬುರಗಿ ರೈಲು ಮಾರ್ಗ ಪೂರ್ತಿಯಾಯಿತು. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರವಿರುವ ಕಮಲಾಪುರದ ರೈತನ ಮಗಳು ಇಂದು ಬೆಳಿಗ್ಗೆ ಮನೆಯಲ್ಲಿ ರೊಟ್ಟಿ ತಿಂದು ಹೊರಟು, ವಿಭಾಗದ ಮೊದಲ ತರಗತಿಗೆ ಬಂದು ಕೂರಬಹುದು.

ಆದರೆ ಒಂದು ಸಂಗತಿ ಈ ಸೀಟಿನ ಜೊತೆ ಬರಲಿಲ್ಲ. ಪ್ರಾಧ್ಯಾಪಕರಿಗೆ ಪತ್ರ ಬರೆಯುವುದು ಹೇಗೆ, ಕೊಟ್ಟ ಮಾತಿನ ದಿನ ತಪ್ಪಿದರೆ ಏನು ಹೇಳಬೇಕು, ಸೆಮಿನಾರಿನಲ್ಲಿ ದೊಡ್ಡವರ ಮಾತನ್ನು ಒಪ್ಪದಿದ್ದರೆ ಅದನ್ನು ಯಾವ ದನಿಯಲ್ಲಿ ಹೇಳಬೇಕು, ಗೈಡ್ ಹೇಳಿದ ಯಾವ ಕೆಲಸಕ್ಕೆ ಹೂಂ ಅನ್ನಬೇಕು, ಯಾವುದಕ್ಕೆ ಆಗುವುದಿಲ್ಲ ಅನ್ನಬೇಕು, ಇವು ಯಾವ ಸಿಲೆಬಸ್‌ನಲ್ಲೂ ಇಲ್ಲ. ಉಪನ್ಯಾಸಕರ ಮನೆಯ, ವಕೀಲರ ಮನೆಯ ಮಕ್ಕಳು ಊಟದ ಹೊತ್ತಿನಲ್ಲೇ ಇದನ್ನೆಲ್ಲ ಕೇಳಿಸಿಕೊಂಡು ಬೆಳೆದಿರುತ್ತಾರೆ. ಮನೆತನದಲ್ಲೇ ಮೊದಲ ಬಾರಿ ಕಾಲೇಜಿನ ಮೆಟ್ಟಿಲು ಹತ್ತಿದ ಮಗುವಿಗೆ ಇದನ್ನು ಹೇಳುವವರು ಯಾರು? ಎರಡು ವರ್ಷ ಯಾರೂ ಹೇಳುವುದಿಲ್ಲ. ಸಂದರ್ಶನದ ದಿನ ಮಾತ್ರ ಮೇಜಿನ ಆಚೆ ಕೂತವರು ‘ಓದಿದಾರ, ಆದ್ರ ನಡಿ-ನುಡಿ ಬರಂಗಿಲ್ಲ’ ಎಂದು ಷರಾ ಬರೆದುಬಿಡುತ್ತಾರೆ. ಹೇಳಿಕೊಡದ ಪಾಠಕ್ಕೆ ಪರೀಕ್ಷೆ ಇಡುವ ಈ ಪದ್ಧತಿ ಅನ್ಯಾಯದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ವೃತ್ತಿಯ ನಡೆ-ನುಡಿ ಹುಟ್ಟಿನಿಂದ ಬರುವ ಗುಣವಲ್ಲ. ಬಾಯಿಬಿಟ್ಟು ಹೇಳಿ, ಮಾಡಿ ತೋರಿಸಿ, ಮಾಡಿಸಿ ಕಲಿಸಿದರೆ ಎಲ್ಲರಿಗೂ ಬರುತ್ತದೆ. ಅದನ್ನು ಹೇಗೆ ಕಲಿಸಬಹುದು, ಹೇಗೆ ಕಲಿಯಬಹುದು ಎಂಬುದನ್ನು ಮೇಷ್ಟ್ರುಗಳನ್ನೂ ವಿದ್ಯಾರ್ಥಿಗಳನ್ನೂ ಎದುರಿಗಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ.

ಮೊದಲ ವಾರದ ಒಂದು ಹಾಳೆ

ಕೆಲಸ ಶುರುವಾಗಬೇಕಾದದ್ದು ಗೈಡ್ ಕಡೆಯಿಂದ. ಪ್ರವೇಶವಾದ ಮೊದಲ ವಾರದಲ್ಲೇ ತನ್ನ ವಿದ್ಯಾರ್ಥಿಗೆ ಒಂದು ಹಾಳೆ ಬರೆದುಕೊಡುವುದು ಒಳ್ಳೆಯದು. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಭೇಟಿ. ಕರಡು ಕೊಟ್ಟರೆ ಎಷ್ಟು ದಿನದಲ್ಲಿ ಓದಿ ಹಿಂದಿರುಗಿಸುತ್ತೇನೆ. ಫೋನ್ ಯಾವಾಗ ಮಾಡಬಹುದು, ಯಾವಾಗ ಬೇಡ. ರಜೆ ಬೇಕಾದರೆ ಹೇಗೆ ಕೇಳಬೇಕು. ಲೇಖನ ಪ್ರಕಟವಾದರೆ ಯಾರ ಹೆಸರು ಯಾವ ಕ್ರಮದಲ್ಲಿ ಬರುತ್ತದೆ. ನನ್ನಿಂದ ನೀನು ಏನನ್ನು ಹಕ್ಕಿನಿಂದ ಕೇಳಬಹುದು. ಇಷ್ಟಿದ್ದರೆ ಸಾಕು. ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2008ರಲ್ಲೇ ಸಂಶೋಧನಾ ವಿದ್ಯಾರ್ಥಿ ಮತ್ತು ಮಾರ್ಗದರ್ಶಕರ ನಡುವಿನ ಇಂಥ ಪರಸ್ಪರ ಒಡಂಬಡಿಕೆಯ ಮಾದರಿಯೊಂದನ್ನು ಹೊರತಂದಿತು. ಅದರಲ್ಲಿ ವಿದ್ಯಾರ್ಥಿಯ ಕರ್ತವ್ಯಗಳ ಎದುರಿಗೇ ಗುರುವಿನ ಕರ್ತವ್ಯಗಳೂ ಇವೆ. ನಮ್ಮ ವಿಭಾಗಗಳಲ್ಲಿ ಇದಕ್ಕೆ ಸುತ್ತೋಲೆಯ ದಾರಿ ಕಾಯಬೇಕಿಲ್ಲ, ಒಬ್ಬ ಮೇಷ್ಟ್ರು ಮನಸ್ಸು ಮಾಡಿದರೆ ಸಾಕು.

ಆ ಹಾಳೆಯ ಹಿಂಬದಿಯಲ್ಲಿ ನಿಯಮಗಳನ್ನು ಬರೆದುಕೊಡಿ. ನಿಯಮ ಗೊತ್ತಿಲ್ಲದ ವಿದ್ಯಾರ್ಥಿ ಎಲ್ಲದಕ್ಕೂ ಇನ್ನೊಬ್ಬರ ಕೃಪೆ ಬೇಡುತ್ತಾನೆ. ಯುಜಿಸಿಯ 2022ರ ಪಿಎಚ್‌.ಡಿ. ನಿಯಮಾವಳಿಯ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯವಿರುವವರಿಗೆ ಅದರ ಮೇಲೆ ಮತ್ತೆ 2 ವರ್ಷದ ರಿಯಾಯಿತಿ ಇದೆ. ಮಹಿಳಾ ಸಂಶೋಧಕರಿಗೆ ಹೆರಿಗೆ ಮತ್ತು ಶಿಶುಪಾಲನೆಗೆ ಒಟ್ಟು 240 ದಿನಗಳವರೆಗೆ ರಜೆ ಕೊಡಲು ಅವಕಾಶವಿದೆ. ಪ್ರತಿ ಸೆಮಿಸ್ಟರ್‌ನಲ್ಲೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕು. ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗಷ್ಟೇ ಗೈಡ್ ಆಗಬಹುದು. ಮದುವೆಯಾದ ಮೇಲೆ ಓದು ಬಿಡುವುದೇ ದಾರಿ ಎಂದುಕೊಂಡ ಹುಡುಗಿಗೆ ಆ 240 ದಿನ ಮತ್ತು 2 ವರ್ಷದ ಸಂಗತಿ ಮೊದಲೇ ತಿಳಿದಿದ್ದರೆ ಅವಳು ಬೇರೆ ಲೆಕ್ಕ ಹಾಕುತ್ತಾಳೆ.

ರಾತ್ರಿ ಹತ್ತೂವರೆಯ ಸಂದೇಶ

ವಿದ್ಯಾರ್ಥಿಗಳಿಗೆ ಮೊದಲು ಕಲಿಸಬೇಕಾದದ್ದು ಸಂದೇಶ ಬರೆಯುವುದನ್ನು. ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ ಬರುತ್ತದೆ. ರಾತ್ರಿ 10.30ಕ್ಕೆ ‘ಸರ್ ಫ್ರೀ ಇದ್ದೀರಾ’ ಎಂಬ ಒಂದೇ ಸಾಲು, ಉತ್ತರ ಬರದಿದ್ದರೆ ಮೂರು ಮಿಸ್ಡ್ ಕಾಲ್. ಹುಡುಗನಲ್ಲಿ ಉದ್ಧಟತನವಿಲ್ಲ. ಕೆಲಸದ ವಿಷಯವನ್ನು ನೇರವಾಗಿ ಬರೆದರೆ ಎದುರಾಡಿದಂತೆ ಆಗುತ್ತದೇನೋ ಎಂಬ ಅಂಜಿಕೆಯೇ ಅವನಿಂದ ಹೀಗೆ ಬರೆಸುತ್ತದೆ. ಅವನಿಗೆ ಒಂದು ಮಾದರಿ ತೋರಿಸಿದರೆ ಸಾಕು:

‘ನಮಸ್ಕಾರ ಸರ್. ಎರಡನೇ ಅಧ್ಯಾಯದ ಕರಡನ್ನು ನಿನ್ನೆ ಇ–ಮೇಲ್ ಮಾಡಿದ್ದೇನೆ, ಒಟ್ಟು 22 ಪುಟ. ಮೂರನೇ ಕೋಷ್ಟಕದ ಲೆಕ್ಕದಲ್ಲಿ ನನಗೆ ಅನುಮಾನವಿದೆ. ಬುಧವಾರ ಅಥವಾ ಗುರುವಾರ 20 ನಿಮಿಷ ಸಮಯ ಸಿಗಬಹುದೇ? ಕಮಲಾಪುರದಿಂದ ಬಸ್ಸಿಗೆ ಬರುವುದರಿಂದ ಬೆಳಿಗ್ಗೆ 10.30ರ ನಂತರವಾದರೆ ನನಗೆ ಅನುಕೂಲ.’

ಏನಾಗಿದೆ, ಎಲ್ಲಿ ತೊಡಕಿದೆ, ಏನು ಬೇಕು, ಯಾವಾಗ ಬೇಕು, ಎಲ್ಲವೂ ಇದರಲ್ಲಿದೆ. ದೂರದಿಂದ ಬರುತ್ತೇನೆ ಎಂಬುದೂ ಸಂಕೋಚವಿಲ್ಲದೆ ಬಂದಿದೆ. ಕನ್ನಡದಲ್ಲೇ ಬರೆಯಿರಿ, ಅಡ್ಡಿಯಿಲ್ಲ. ಅರ್ಧಂಬರ್ಧ ಇಂಗ್ಲಿಷಿನಲ್ಲಿ ಬರೆದು ಅರ್ಥ ಕೆಡಿಸುವುದಕ್ಕಿಂತ ಅಚ್ಚುಕಟ್ಟಾದ ಕನ್ನಡದ ನಾಲ್ಕು ಸಾಲು ಹೆಚ್ಚು ಗೌರವ ತರುತ್ತದೆ. ಇಂಗ್ಲಿಷಿನಲ್ಲೇ ಬರೆಯಬೇಕಾದ ಕಡೆ ಇಂಥದೇ ನಾಲ್ಕು ಮಾದರಿಗಳನ್ನು ವಿಭಾಗವೇ ತಯಾರಿಸಿ ಗೋಡೆಗೆ ಹಚ್ಚಲಿ. ರಜೆಯ ಅರ್ಜಿ, ಮಾಹಿತಿ ಕೋರುವ ಪತ್ರ, ಕ್ಷಮೆ ಕೇಳುವ ಪತ್ರ, ಧನ್ಯವಾದದ ಪತ್ರ, ಇಷ್ಟೇ ಸಾಕು. ಫೈಲ್ ಕಳಿಸುವವರಿಗೆ ಇನ್ನೊಂದು ಮಾತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅಕ್ಷರವೇ ಕಾಣದೆ ಬರೀ ಗೀಚು ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಜೊತೆಗೊಂದು ಪಿಡಿಎಫ್ ಇಡಿ, ಕಡತದ ಹೆಸರಿನಲ್ಲಿ ನಿಮ್ಮ ಹೆಸರೂ ದಿನಾಂಕವೂ ಇರಲಿ. ‘ಫೈನಲ್’, ‘ಫೈನಲ್ ನ್ಯೂ’, ‘ಲಾಸ್ಟ್ ಫೈನಲ್’ ಎಂಬ ಹೆಸರುಗಳಿಂದ ಯಾವುದು ಯಾವುದರ ನಂತರದ್ದೆಂದು ಯಾರಿಗೂ ತಿಳಿಯುವುದಿಲ್ಲ.

ಗೈರಿನ ವಿಷಯ ಇದಕ್ಕಿಂತ ಸೂಕ್ಷ್ಮ. ನಮ್ಮ ಕಡೆ ಜೂನ್–ಜುಲೈ ತೊಗರಿ ಬಿತ್ತನೆಯ ಕಾಲ, ಡಿಸೆಂಬರ್–ಜನವರಿ ರಾಶಿಯ ಕಾಲ. ಮನೆಯಲ್ಲಿ ಆಳು ಸಿಗದಿದ್ದರೆ ಎಂ.ಎ. ಓದುವ ಮಗನೂ ಹೊಲಕ್ಕಿಳಿಯಬೇಕು. ಹೋಳಿ ಮುಗಿದರೆ ಶರಣಬಸವೇಶ್ವರರ ಜಾತ್ರೆ ಬರುತ್ತದೆ. ಇವು ಬದುಕಿನ ಭಾಗ, ನಾಚಿಕೆಪಡಬೇಕಾದ ಕಾರಣಗಳಲ್ಲ. ಆದರೆ ಹೋಗುವ ಮುನ್ನ ಹೇಳಿ ಹೋಗುವುದಕ್ಕೂ, ಮರಳಿ ಬಂದು ‘ಹುಷಾರಿರಲಿಲ್ಲ ಸರ್’ ಎನ್ನುವುದಕ್ಕೂ ಬಹಳ ಅಂತರವಿದೆ. ‘ಮನ್ಯಾಗ ರಾಶಿ ಅದ ಸರ, ಆರು ದಿನ ಬರಾಕ ಆಗಂಗಿಲ್ಲ, ಸೋಮವಾರಕ್ಕ ಅಧ್ಯಾಯ ಕೊಡ್ತೀನ್ರಿ’ ಎಂದು ನಿಜವನ್ನೇ ಹೇಳಿದ ವಿದ್ಯಾರ್ಥಿಯನ್ನು ಮೇಷ್ಟ್ರು ಗದರಿಸಬಾರದು. ಒಮ್ಮೆ ಗದರಿಸಿದರೆ ಮುಂದಿನ ಸಲ ಅವನು ಸುಳ್ಳನ್ನೇ ಆರಿಸಿಕೊಳ್ಳುತ್ತಾನೆ, ಆ ಸುಳ್ಳನ್ನು ಕಲಿಸಿದವರು ನಾವೇ ಆಗುತ್ತೇವೆ.

ನೋಟ್‌ಬುಕ್ಕಿನ ಒಂದು ಪುಟ

ಪ್ರಯೋಗಾಲಯವಿರಲಿ, ಜನಪದ ಅಧ್ಯಯನವಿರಲಿ, ಸಂಶೋಧಕನ ಪ್ರಾಮಾಣಿಕತೆ ಮೊದಲು ಕಾಣುವುದು ಅವನ ನೋಟ್‌ಬುಕ್ಕಿನಲ್ಲಿ. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರಬೇಕು. ಮೇಲೆ ದಿನಾಂಕ, ಜಾಗ, ಹೊತ್ತು. ಕೆಳಗೆ ಅಂದು ಏನು ಮಾಡಿದೆ, ಏನು ಕಂಡೆ, ಯಾವುದು ಕೈಕೊಟ್ಟಿತು, ನಾಳೆ ಏನು ಮಾಡಬೇಕು. ಬರೆಯುವುದು ಪೆನ್ನಿನಲ್ಲಿ. ಅಂಕಿ ತಪ್ಪಾಗಿದ್ದರೆ ಅದನ್ನು ಬಿಳಿ ಹಚ್ಚಿ ಅಳಿಸಬಾರದು. ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಚಿಕ್ಕ ಸಹಿ ಮತ್ತು ದಿನಾಂಕ ಹಾಕಬೇಕು. ಪುಟ ಹರಿಯಬಾರದು. ತಿಂಗಳಿಗೊಮ್ಮೆ ಗೈಡ್ ಆ ನೋಟ್‌ಬುಕ್ ತೆಗೆದು ಓದಿ ಸಹಿ ಮಾಡಬೇಕು. ಗೈಡ್ ಎಂದೂ ಕೇಳದ ನೋಟ್‌ಬುಕ್ಕನ್ನು ವಿದ್ಯಾರ್ಥಿ ಕೊನೆಯ ವಾರ ಕೂತು ಒಂದೇ ಶಾಯಿಯಲ್ಲಿ ಬರೆದು ತುಂಬಿಸುತ್ತಾನೆ. ಕೈಕೊಟ್ಟ ಪ್ರಯೋಗವನ್ನೂ ಬರೆಯಲು ಹೇಳಿ, ಬರೆದದ್ದಕ್ಕೆ ಮೆಚ್ಚುಗೆ ಹೇಳಿ. ಸೋತದ್ದನ್ನು ಬಚ್ಚಿಡಬೇಕಾಗಿಲ್ಲ ಎಂದು ವಿದ್ಯಾರ್ಥಿಗೆ ಗೊತ್ತಾದರೆ ಅಂಕಿ ತಿದ್ದುವ ಆಸೆಯೇ ಹುಟ್ಟುವುದಿಲ್ಲ.

ಕಮಲಾಪುರದ ತೋಟದಲ್ಲಿ

ವೃತ್ತಿಯ ನಡೆ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಕ್ಷೇತ್ರಕಾರ್ಯದಲ್ಲಿ. ಕಮಲಾಪುರದ ಕೆಂಪು ಬಾಳೆಯನ್ನೇ ತೆಗೆದುಕೊಳ್ಳಿ. ಭೌಗೋಳಿಕ ಗುರುತು ಪಡೆದಿರುವ ಈ ಹಣ್ಣು ಅರ್ಥಶಾಸ್ತ್ರ, ವಾಣಿಜ್ಯ, ಸಸ್ಯಶಾಸ್ತ್ರ, ಸಮಾಜಕಾರ್ಯ ಯಾವ ವಿಭಾಗದವರಿಗೂ ಒಳ್ಳೆಯ ವಿಷಯ. ಮಾಮೂಲಿ ಬಾಳೆಗಿಂತ ಗೊನೆ ಕೈಗೆ ಬರಲು ಹೆಚ್ಚು ಕಾಲ ಬೇಕು, ನೀರು ಬೇಕು, ಮಾರುಕಟ್ಟೆಯಲ್ಲಿ ದರವೂ ಹೆಚ್ಚು. ಹೀಗಿದ್ದೂ ರೈತನ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಎಂ.ಎ. ವಿದ್ಯಾರ್ಥಿಯೊಬ್ಬ ಕೇಳಬಹುದಾದ ಪ್ರಶ್ನೆ. ಕೇಳುವ ರೀತಿ ಯಾವುದು?

ಹೊರಡುವ ಮುನ್ನ ವಿಭಾಗದ ಮುಖ್ಯಸ್ಥರ ಸಹಿಯ ಪತ್ರ, ಗುರುತಿನ ಚೀಟಿ ಜೊತೆಗಿರಲಿ. ತೋಟಗಾರಿಕೆ ಇಲಾಖೆಯಲ್ಲೋ ತಹಸೀಲ್ದಾರ್ ಕಚೇರಿಯಲ್ಲೋ ಅಂಕಿಅಂಶ ಬೇಕಿದ್ದರೆ ಮುಂಚೆ ಫೋನ್ ಮಾಡಿ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ರೂಢಿ. ಇದನ್ನು ಮರೆತು ಮೂರು ಗಂಟೆಗೆ ಹೋಗಿ ಬೀಗ ನೋಡಿ ಬರುವವರು ಪ್ರತಿ ವರ್ಷ ಇರುತ್ತಾರೆ. ರೈತರ ಹತ್ತಿರ ಹೋಗುವುದಾದರೆ ಬಿತ್ತನೆ–ರಾಶಿಯ ದಿನಗಳನ್ನು ಬಿಟ್ಟು, ಅವರು ಹೇಳಿದ ಹೊತ್ತಿಗೆ ಹೋಗಿ. ಬೈಕಿನ ಮೇಲೆ ಕೂತೇ ಪ್ರಶ್ನೆ ಕೇಳಬೇಡಿ. ಮಾತು ಹೀಗೆ ಶುರುವಾಗಲಿ:

‘ಶರಣ್ರಿ ಕಾಕಾ. ನಾ ಕಲಬುರಗ್ಯಾಗ ಎಂ.ಎ. ಓದ್ಲಕತ್ತೀನ್ರಿ. ಕೆಂಪ್ ಬಾಳಿ ಬೆಳ್ಯಾಕ ಎಷ್ಟು ಖರ್ಚ ಬರ್ತದ, ಎಷ್ಟು ಉಳೀತದ ಅಂತ ಬರಿಯೋದದ. ಒಂದ್ ಅರ್ಧಾ ತಾಸು ಮಾತಾಡ್ಲಾಕ ಆಗ್ತದೇನ್ರಿ?’

‘ಸಬ್ಸಿಡಿ ಏನರ ಕೊಡ್ತೀರೇನ?’

‘ಇಲ್ರಿ ಕಾಕಾ, ಅದು ನನ್ನ ಕೈಯಾಗಿಲ್ಲ. ಇದು ಬರೇ ನನ್ನ ಓದಿಗಿ. ನಿಮ್ಮ ಹೆಸರು ಎಲ್ಲೂ ಹಾಕಂಗಿಲ್ರಿ. ಯಾವುದರ ಪ್ರಶ್ನಿ ಬ್ಯಾಡ ಅನ್ಸಿದ್ರ ಬಿಟ್ಟುಬಿಡ್ರಿ, ನಡಬರಕ ಸಾಕ್ ಅಂದ್ರೂ ನಡೀತದ.’

ಸಬ್ಸಿಡಿಯ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಸಂಶೋಧಕನ ನೀತಿ ಇದೆ. ‘ನೋಡೋಣ, ಬರಬಹುದು’ ಎಂದುಬಿಟ್ಟರೆ ಮಾತು ಸಲೀಸಾಗಿ ನಡೆಯುತ್ತದೆ, ಚಹಾ ಕೂಡ ಬರುತ್ತದೆ. ಆದರೆ ಆ ಆಸೆಗೆ ಕಟ್ಟುಬಿದ್ದು ರೈತ ಖರ್ಚನ್ನು ಹೆಚ್ಚಿಸಿ, ಉತ್ಪನ್ನವನ್ನು ಇಳಿಸಿ ಹೇಳಿಬಿಡಬಹುದು. ಅಂಕಿಯೂ ಕೆಡುತ್ತದೆ, ನಂಬಿಕೆಯೂ ಕೆಡುತ್ತದೆ, ಮುಂದಿನ ವರ್ಷ ಹೋಗುವ ಇನ್ನೊಬ್ಬ ವಿದ್ಯಾರ್ಥಿಗೆ ಅದೇ ತೋಟದ ಬಾಗಿಲು ಮುಚ್ಚಿರುತ್ತದೆ. ಮನುಷ್ಯರ ಮೇಲಿನ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿ, ಎದುರಿನವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಹೇಳುತ್ತದೆ. ಅದು ಆರೋಗ್ಯ ಸಂಶೋಧನೆಗಾಗಿ ಬರೆದದ್ದಾದರೂ ಬಾಳೆ ತೋಟಕ್ಕೂ ಒಪ್ಪುವ ಮಾತು. ತಾಂಡಾದಲ್ಲಾದರೆ ಲಂಬಾಣಿ ಬಲ್ಲವರನ್ನು, ನಗರದ ಕೆಲವು ಓಣಿಗಳಲ್ಲಿ ಉರ್ದು ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಕಲಬುರಗಿಯ ಎಷ್ಟೋ ವಿದ್ಯಾರ್ಥಿಗಳಿಗೆ ಕನ್ನಡವೂ ಸೇರಿ ಈ ಮೂರೂ ಭಾಷೆ ಬರುತ್ತವೆ. ಇದು ಬೇರೆ ಊರಿನ ಸಂಶೋಧಕರಿಗೆ ಸುಲಭಕ್ಕೆ ಸಿಗದ ಬಂಡವಾಳ.

ಮನೆಯ ಹೆಣ್ಣುಮಕ್ಕಳನ್ನೂ ಕೇಳಿ. ತೋಟದ ಕೆಲಸದ ಲೆಕ್ಕ, ಕೂಲಿಯ ಲೆಕ್ಕ ಅವರಿಗೂ ಗೊತ್ತಿರುತ್ತದೆ, ಆದರೆ ಪ್ರಶ್ನಾವಳಿ ಬಹುತೇಕ ಯಜಮಾನನ ಮುಂದೆಯೇ ನಿಂತುಬಿಡುತ್ತದೆ. ಫೋಟೊ ತೆಗೆಯುವ ಮುನ್ನ ಕೇಳಿ, ತೆಗೆದ ಮೇಲೆ ಸ್ಟೇಟಸ್‌ಗೆ ಹಾಕಬೇಡಿ. ಸಾಲದ ವಿಷಯ ಹೇಳಿಕೊಂಡವರ ಮಾತನ್ನು ಹಾಸ್ಟೆಲ್ಲಿನಲ್ಲಿ ಕಥೆಯಾಗಿ ಹೇಳಬೇಡಿ. ಅಂದಿನ ಟಿಪ್ಪಣಿಯನ್ನು ಅಂದೇ ರಾತ್ರಿ ಬರೆದು ಮುಗಿಸಿ. ಪ್ರಬಂಧ ಸಲ್ಲಿಸಿದ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ, ಮಾತಾಡಿದ ರೈತರಿಗೆ ತಲುಪಿಸಿ. ನಮ್ಮ ವಿಶ್ವವಿದ್ಯಾಲಯಗಳಿಂದ ಹಳ್ಳಿಗೆ ಪ್ರಶ್ನಾವಳಿ ಹೋಗುತ್ತಲೇ ಇದೆ, ಉತ್ತರ ಮಾತ್ರ ಹಿಂದಿರುಗಿ ಬರುವುದಿಲ್ಲ ಎಂಬ ಜನರ ದೂರು ಸುಳ್ಳಲ್ಲ. ಮೌಲ್ಯಮಾಪನದಲ್ಲಿ ಈ ಒಂದು ಪುಟಕ್ಕೆ ಅಂಕ ಇಟ್ಟರೆ ಎರಡೇ ವರ್ಷದಲ್ಲಿ ರೂಢಿ ಬದಲಾಗುತ್ತದೆ.

ಬರೆದದ್ದು ಯಾರದು?

ಕೃತಿಚೌರ್ಯದ ಬಗ್ಗೆ ಹೆದರಿಸುವ ಭಾಷಣಗಳು ಬೇಕಾದಷ್ಟಿವೆ. ನಿಯಮ ತಿಳಿಸುವವರು ಕಡಿಮೆ. ಯುಜಿಸಿಯ 2018ರ ನಿಯಮಾವಳಿಯಂತೆ ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಶೇ 10ರಿಂದ 40ರವರೆಗಿದ್ದರೆ ಗರಿಷ್ಠ 6 ತಿಂಗಳೊಳಗೆ ತಿದ್ದಿದ ಪ್ರಬಂಧ ಕೊಡಬೇಕು. ಶೇ 40ರಿಂದ 60 ಇದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಆಕರ ಹೇಳಿ ಉದ್ಧರಿಸಿದ ಮಾತು, ಗ್ರಂಥಋಣದ ಪಟ್ಟಿ, ಕಾನೂನಿನ ಪಠ್ಯ ಇವು ಲೆಕ್ಕಕ್ಕೆ ಬರುವುದಿಲ್ಲ.

ಕನ್ನಡದಲ್ಲಿ ಬರೆಯುವವರ ಜವಾಬ್ದಾರಿ ಇಲ್ಲಿ ಒಂದು ತೂಕ ಹೆಚ್ಚು. ನಮ್ಮ ಹಳೆಯ ಪುಸ್ತಕಗಳು, ಅಭಿನಂದನ ಗ್ರಂಥಗಳು, ಜಿಲ್ಲಾ ಸಂಚಿಕೆಗಳು ಬಹುಪಾಲು ಯೂನಿಕೋಡ್‌ನಲ್ಲಿ ಇಲ್ಲ. ತಂತ್ರಾಂಶ ಅವನ್ನು ಹಿಡಿಯದೇ ಹೋಗಬಹುದು. ತಂತ್ರಾಂಶ ಹಿಡಿಯದಿದ್ದ ಮಾತ್ರಕ್ಕೆ ಕಳವು ಕಳವಲ್ಲದೆ ಹೋಗುವುದಿಲ್ಲ. ಹಿಂದಿನವರನ್ನು ಹೆಸರು ಹಿಡಿದು ನೆನೆಯುವುದು ಈ ಮಣ್ಣಿಗೆ ಹೊಸದೂ ಅಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ಆಗಿನ ಮಾನ್ಯಖೇಟದಲ್ಲಿ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ತನಗಿಂತ ಮುಂಚಿನ ಗದ್ಯ–ಪದ್ಯ ಲೇಖಕರ ಹೆಸರು ಹೇಳುತ್ತದೆ. ಕಲಬುರಗಿ ಹತ್ತಿರದ ಮರತೂರಿನವನೆಂದು ಹೇಳಲಾಗುವ ವಿಜ್ಞಾನೇಶ್ವರ ತನ್ನ ಧರ್ಮಶಾಸ್ತ್ರ ವ್ಯಾಖ್ಯಾನವಾದ ಮಿತಾಕ್ಷರದಲ್ಲಿ ವಿಶ್ವರೂಪ, ಮೇಧಾತಿಥಿ ಮೊದಲಾದ ಹಿಂದಿನ ವ್ಯಾಖ್ಯಾನಕಾರರನ್ನು ಹೆಸರಿಸಿಯೇ ಮುಂದೆ ಹೋಗುತ್ತಾನೆ, ಒಪ್ಪದ ಕಡೆ ಒಪ್ಪುವುದಿಲ್ಲ ಎನ್ನುತ್ತಾನೆ. ಕೋರ್ಸ್‌ವರ್ಕ್‌ನ ಸಂಶೋಧನಾ ನೀತಿಯ ತರಗತಿಯನ್ನು ಇಂಥ ಉದಾಹರಣೆಯಿಂದ ಶುರು ಮಾಡಿದರೆ ವಿದ್ಯಾರ್ಥಿಗಳಿಗೆ ಅದು ಹೊರಗಿನಿಂದ ಹೇರಿದ ಕಾನೂನಾಗಿ ಕಾಣುವುದಿಲ್ಲ.

ಲೇಖನದಲ್ಲಿ ಹೆಸರು ಹಾಕುವ ವಿಷಯದಲ್ಲಿ ಜಗತ್ತು ಒಪ್ಪಿಕೊಂಡ ಅಳತೆಗೋಲಿದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಹೇಳುತ್ತದೆ: ಕೆಲಸದಲ್ಲಿ ಗಣನೀಯ ಪಾಲು, ಬರೆಯುವುದರಲ್ಲಿ ಅಥವಾ ವಿಮರ್ಶಿಸಿ ತಿದ್ದುವುದರಲ್ಲಿ ಪಾಲು, ಕೊನೆಯ ರೂಪಕ್ಕೆ ಒಪ್ಪಿಗೆ, ಬರೆದದ್ದಕ್ಕೆಲ್ಲ ಉತ್ತರದಾಯಿತ್ವ. ನಾಲ್ಕೂ ಇದ್ದವರೇ ಲೇಖಕರು. ವಿಭಾಗದ ಮುಖ್ಯಸ್ಥರೆಂಬ ಕಾರಣಕ್ಕೆ ಒಂದು ಹೆಸರು, ಗೆಳೆಯನ ಬಡ್ತಿಗೆಂದು ಇನ್ನೊಂದು ಹೆಸರು ಸೇರಿಸುವುದು ತಪ್ಪು. ಇದನ್ನು ವಿದ್ಯಾರ್ಥಿಯ ಬಾಯಿಂದ ಹೇಳಿಸುವುದು ಕಷ್ಟ. ಆದ್ದರಿಂದ ಮೊದಲ ವಾರದ ಆ ಹಾಳೆಯಲ್ಲೇ ಗೈಡ್ ಇದನ್ನು ಬರೆದಿಡಬೇಕು.

‘ಮೂರು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಉಚಿತ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಪತ್ರಿಕೆಗಳಿಂದ ದೂರವಿರಿ. 2022ರ ನಿಯಮಾವಳಿಯಲ್ಲಿ ಯುಜಿಸಿ ಪ್ರಬಂಧ ಸಲ್ಲಿಸುವ ಮೊದಲಿನ ಪ್ರಕಟಣೆಯ ಕಡ್ಡಾಯವನ್ನು ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನೆಂದು ಕೇಳಿ ತಿಳಿದು, ಅವಸರಕ್ಕೆ ದುಡ್ಡು ಸುರಿಯಬೇಡಿ. ಕೃತಕ ಬುದ್ಧಿಮತ್ತೆಯ ಸಾಧನ ಬಳಸಿದ್ದರೆ ಯಾವುದಕ್ಕೆ ಬಳಸಿದೆ ಎಂದು ಹೇಳಿ. ಅದು ಕೊಟ್ಟ ಪ್ರತಿ ಆಕರವನ್ನೂ ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲೋ ಗ್ರಂಥಾಲಯದಲ್ಲೋ ಕಣ್ಣಾರೆ ನೋಡದೆ ಬರೆಯಬೇಡಿ. ಇಲ್ಲದ ಪುಸ್ತಕವನ್ನು ಇದೆ ಎಂದು ಅದು ಧೈರ್ಯವಾಗಿ ಹೇಳಿಬಿಡುತ್ತದೆ.

ಗೌರವ ಬೇರೆ, ಚಾಕರಿ ಬೇರೆ

ಗುರುವಿಗೆ ನಮಸ್ಕರಿಸುವುದು, ಅವರು ಬಂದಾಗ ಎದ್ದು ನಿಲ್ಲುವುದು ನಮ್ಮ ಸಂಸ್ಕಾರ, ಇರಲಿ. ಆದರೆ ಗೈಡ್ ಮನೆಯ ಸಿಲಿಂಡರ್ ತರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದು ಸಂಶೋಧನೆಯ ಭಾಗವಲ್ಲ. ಪಿಎಚ್‌.ಡಿ. ನಿಯಮಾವಳಿಯಲ್ಲಿ ಇರುವುದು ವಾರಕ್ಕೆ 4ರಿಂದ 6 ಗಂಟೆ ಬೋಧನೆ ಅಥವಾ ಸಂಶೋಧನೆಗೆ ನೆರವು: ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನ. ವೈವಾ ದಿನದ ಊಟ, ಶಾಲು, ಉಡುಗೊರೆಯ ಹೊರೆಯನ್ನು ವಿದ್ಯಾರ್ಥಿ ಹೊರುವ ಪದ್ಧತಿಯನ್ನು ನಾನು ಸರಿ ಎನ್ನಲಾರೆ. ಎಷ್ಟೋ ಮನೆಗಳಲ್ಲಿ ಅದಕ್ಕಾಗಿ ಸಾಲ ಮಾಡುತ್ತಾರೆ. ಪದವಿಯ ಕೊನೆಯ ದಿನ ವಿದ್ಯಾರ್ಥಿ ಕಲಿಯುವ ಪಾಠ ಇದಾದರೆ, ನಾಳೆ ತಾನು ಗೈಡ್ ಆದಾಗ ಅವನು ಅದನ್ನೇ ಬಯಸುತ್ತಾನೆ. ನಿಲ್ಲಿಸಬೇಕಾದವರು ಹಿರಿಯರು. ‘ನನಗೆ ಏನೂ ತರಬೇಡ, ಚಹಾ ವಿಭಾಗದ ಲೆಕ್ಕದಲ್ಲಿ’ ಎಂದು ಗೈಡ್ ಮುಂಚೆಯೇ ಹೇಳಿಬಿಟ್ಟರೆ ಕೆಲಸ ಮುಗಿಯಿತು.

ಜೊತೆಯವರೊಂದಿಗಿನ ನಡೆಯೂ ವೃತ್ತಿಯದೇ. ಹೊಸಬರ ಅಡ್ಡಹೆಸರು ಕೇಳಿ ಜಾತಿ ಅಂದಾಜು ಹಾಕುವುದು, ಮೀಸಲಾತಿಯ ಮಾತೆತ್ತಿ ಚುಚ್ಚುವುದು, ಹುಡುಗಿಯರಿಗೆ ಅಲಂಕಾರದ ಕೆಲಸ ಹುಡುಗರಿಗೆ ವೇದಿಕೆಯ ಕೆಲಸ ಎಂದು ಹಂಚುವುದು, ಇವನ್ನು ಕಂಡಾಗ ಮೇಷ್ಟ್ರು ಅಲ್ಲೇ ತಡೆಯಬೇಕು. ಸುಮ್ಮನಿದ್ದರೆ ಒಪ್ಪಿದಂತೆ.

ಅನ್ಯಾಯವಾದರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರುವುದೂ ವೃತ್ತಿಜ್ಞಾನ. ಯುಜಿಸಿಯ 2023ರ ನಿಯಮಾವಳಿಯಂತೆ ಪ್ರತಿ ಸಂಸ್ಥೆಯಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿ, ಅದರ ಮೇಲೆ ಮೇಲ್ಮನವಿಗೆ ಓಂಬುಡ್ಸ್‌ಪರ್ಸನ್ ಇರಬೇಕು. ಲೈಂಗಿಕ ಕಿರುಕುಳವಾದರೆ ಆಂತರಿಕ ದೂರು ಸಮಿತಿಗೆ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸಮಿತಿ 90 ದಿನದಲ್ಲಿ ವಿಚಾರಣೆ ಮುಗಿಸಬೇಕು. ದಿನಾಂಕ, ಸಂದೇಶ, ಸಾಕ್ಷಿ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.

ಜವಾಬ್ದಾರಿ ಕೊಟ್ಟು ನೋಡಿ

ಸೆಮಿನಾರ್ ನಡೆಸುವ ಪೂರ್ತಿ ಹೊಣೆಯನ್ನು ಒಂದು ಸಲ ವಿದ್ಯಾರ್ಥಿಗಳಿಗೇ ಬಿಡಿ. ಆಹ್ವಾನದ ಪತ್ರ, ಅತಿಥಿಯ ಪ್ರಯಾಣ, ಪರಿಚಯದ ಎರಡು ನಿಮಿಷ, ಖರ್ಚಿನ ರಸೀದಿ, ನಡಾವಳಿ, ಮರುದಿನದ ಧನ್ಯವಾದ ಪತ್ರ ಎಲ್ಲವೂ ಅವರದೇ. ಹಾರ–ತುರಾಯಿ, ಉದ್ದದ ಸ್ವಾಗತ ಬೇಡ. 15 ನಿಮಿಷದ ಪ್ರಬಂಧ 15 ನಿಮಿಷಕ್ಕೆ ಮುಗಿಯಲಿ, ಗಂಟೆ ಬಾರಿಸುವ ಅಧಿಕಾರ ಮೊದಲ ವರ್ಷದ ವಿದ್ಯಾರ್ಥಿನಿಯ ಕೈಯಲ್ಲಿರಲಿ, ಪ್ರಾಧ್ಯಾಪಕರಿಗೂ ಅದೇ ಗಂಟೆ. ಪ್ರಶ್ನೆ ಕೇಳುವುದನ್ನೂ ಅಲ್ಲೇ ಕಲಿಸಬಹುದು. ‘ನಿಮ್ಮ ಮಾತು ತಪ್ಪು’ ಎನ್ನುವ ಬದಲು ‘ನಿಮ್ಮ ಎರಡನೇ ಕೋಷ್ಟಕದಲ್ಲಿ ಹೀಗಿದೆ, ತೀರ್ಮಾನದಲ್ಲಿ ಹಾಗೆ ಹೇಳಿದ್ದೀರಿ, ಎರಡೂ ಹೇಗೆ ಹೊಂದುತ್ತವೆ?’ ಎಂದು ಕೇಳಿದರೆ ಮಾತು ಮನುಷ್ಯನ ಮೇಲೆ ಹೋಗದೆ ವಿಷಯದ ಮೇಲೆ ನಿಲ್ಲುತ್ತದೆ.

ತಿದ್ದುವಾಗಲೂ ಮೇಷ್ಟ್ರಿಗೆ ಇದೇ ನಿಯಮ. ‘ನೀನು ಬೇಜವಾಬ್ದಾರಿ’ ಎಂದರೆ ವಿದ್ಯಾರ್ಥಿಗೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. ‘ಮಂಗಳವಾರ 11ಕ್ಕೆ ಬರುತ್ತೇನೆ ಅಂದಿದ್ದೆ, ಬರಲಿಲ್ಲ, ತಿಳಿಸಲೂ ಇಲ್ಲ. ಮುಂದಿನ ಸಲ ಹಿಂದಿನ ರಾತ್ರಿಯೇ ಒಂದು ಸಂದೇಶ ಹಾಕು’ ಎಂದರೆ ತಪ್ಪೂ ತಿಳಿಯಿತು, ದಾರಿಯೂ ತಿಳಿಯಿತು. ಇದನ್ನು ನಾಲ್ಕು ಗೋಡೆಯೊಳಗೆ ಹೇಳಬೇಕು. ಮೆಚ್ಚುಗೆಯನ್ನು ಎಲ್ಲರೆದುರು ಹೇಳಿ. ಮೇಷ್ಟ್ರು ತರಗತಿಗೆ ತಡವಾಗಿ ಬಂದು ಹೊತ್ತಿನ ಮಹತ್ವ ಹೇಳಿದರೆ ವಿದ್ಯಾರ್ಥಿ ಕಲಿಯುವುದು ತಡವಾಗಿ ಬರುವುದನ್ನೇ.

ಕಲಬುರಗಿಯ ಎಲ್ಲ ಸ್ನಾತಕೋತ್ತರ ವಿಭಾಗಗಳ ಮುಖ್ಯಸ್ಥರಲ್ಲಿ ನನ್ನ ಕೋರಿಕೆ ಇಷ್ಟೇ. ಈ ವರ್ಷದ ಪ್ರವೇಶ ಮುಗಿದ ವಾರವೇ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೊಸ ವಿದ್ಯಾರ್ಥಿಗಳನ್ನು ಕೂರಿಸಿಕೊಳ್ಳಿ, ಮೊದಲ ವಾರದ ಆ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡಿ. ಕೊನೆಯ ಬೆಂಚಿನಲ್ಲಿ ಕೂತು ಏನನ್ನೂ ಕೇಳದವರ ಬಳಿ ನೀವೇ ಹೋಗಿ ಮಾತಾಡಿಸಿ.